ಅರಿವೆಯ ವಯಸ್ಸು

ನಿವೃತ್ತಿಯಾದ ಮೇಲೆ ಹೊತ್ತು ಹೇಗೆ ಕಳೆಯುತ್ತೀರಿ ಎಂದು ಕೇಳಿದವರಿಗೆ ಕೌದಿ ಹೊಲಿಯುತ್ತೇನೆ ಎಂದು ಹೇಳಿದರೆ, ಅವರು ಮೊದಲು ನಗುತ್ತಾರೆ, ಆಮೇಲೆ ಇದು ನಿಜವೇ ಎಂಬಂತೆ ನನ್ನ ಹೆಂಡತಿಯ ಮುಖ ನೋಡುತ್ತಾರೆ. 34 ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದ ಧಾರವಾಡದ ಮಾಸ್ತರನೊಬ್ಬ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಬೆರಳಿಗೆ ಅಂಗುಸ್ತಾನ ತೊಟ್ಟು, ಹಳೆಯ ಧೋತರದ ತುಂಡುಗಳನ್ನು ಜೋಡಿಸಿ ಹೊದಿಕೆ ಹೊಲಿಯುವುದು ನಮ್ಮ ಓಣಿಗೆ ಈಗಲೂ ಸ್ವಲ್ಪ ವಿಚಿತ್ರವಾಗಿಯೇ ಕಾಣುತ್ತದೆ. ಈ ಎರಡು ವರ್ಷಗಳಲ್ಲಿ ನಾನು ಮುಗಿಸಿರುವುದು ಎರಡೇ ಕೌದಿ. ಮೊದಲನೆಯದು ಒಂದೇ ಒಗೆತಕ್ಕೆ ಕೆಟ್ಟುಹೋಯಿತು. ಅದು ಯಾಕೆ ಕೆಟ್ಟಿತು ಎಂಬುದನ್ನು ಅರ್ಥಮಾಡಿಕೊಳ್ಳಲು ಹೋಗಿಯೇ ಈ ಕೆಲಸದ ನಿಜವಾದ ಪಾಠ ನನಗೆ ಸಿಕ್ಕಿದ್ದರಿಂದ, ಅದನ್ನೇ ವಿವರವಾಗಿ ಬರೆಯುತ್ತೇನೆ.

ಕಲಿಕೆ ಶುರುವಾದದ್ದು ನನ್ನ ಅಣ್ಣನ ಹೆಂಡತಿಯಿಂದ. ಮಲಪ್ರಭೆಯ ದಂಡೆಯ ನಮ್ಮ ಊರಿನಲ್ಲಿದ್ದ ಅವರು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ಧಾರವಾಡಕ್ಕೆ ಬಂದವರು ನಮ್ಮಲ್ಲಿಯೇ ಉಳಿದುಕೊಂಡರು. ಬರುವಾಗ ಒಂದು ತಗಡಿನ ಟ್ರಂಕನ್ನು ತಂದಿದ್ದರು. ಅದರಲ್ಲಿ ಚಿನ್ನವಿರಲಿಲ್ಲ, ಕಾಗದಪತ್ರವಿರಲಿಲ್ಲ. ಮಡಿಸಿಟ್ಟ ಹಳೆಯ ಅರಿವೆಗಳಿದ್ದವು. ಸವೆದ ಇಳಕಲ್ ಸೀರೆಗಳು, ಅಣ್ಣನ ಧೋತರಗಳು, ನನ್ನ ತಂದೆಯ ಕೆಂಪು ಪಟಗದ ಅರ್ಧ ಭಾಗ, ಗುಳೇದಗುಡ್ಡದ ಖಣದ ಕುಪ್ಪಸದ ತುಣುಕುಗಳು. ಕೌದಿಗೆಂದು ಕೂಡಿಟ್ಟಿದ್ದೆ, ಇನ್ನು ಸೂಜಿ ಪೋಣಿಸಲು ಕಣ್ಣು ಬಾರದು, ಯಾರಿಗಾದರೂ ಕೊಟ್ಟುಬಿಡಿ ಎಂದರು. ನಾನು ಹೊಲಿಯುತ್ತೇನೆ ಎಂದು ನಾನು ಅಂದದ್ದು ಅರ್ಧ ತಮಾಷೆಗೆ. ಅವರು ಅದನ್ನು ತಮಾಷೆ ಎಂದು ತೆಗೆದುಕೊಳ್ಳಲಿಲ್ಲ.

"ಮೊದ್ಲ ಸೂಜ್ಯಾಗ ದಾರಾ ಪೋಣಿಸೂದ ಕಲಿ ತಮ್ಮಾ, ಆಮ್ಯಾಲೆ ಕೌದಿ ಮಾತು" ಎಂದರು.

ಕೌದಿಯನ್ನು ಕಂಡಿರದ ಓದುಗರಿಗಾಗಿ ಎರಡು ಮಾತು. ಉತ್ತರ ಕರ್ನಾಟಕದ ಮನೆಗಳಲ್ಲಿ ಹಾಸಲು ಮತ್ತು ಹೊದೆಯಲು ಬಳಸುವ ಈ ಹೊದಿಕೆಯೊಳಗೆ ಹತ್ತಿ ತುಂಬುವುದಿಲ್ಲ; ಹಾಗೆ ತುಂಬಿದ್ದು ಗಾದಿಯಾಗುತ್ತದೆ. ಹಳೆಯ ಅರಿವೆಗಳನ್ನು ಮೂರು, ನಾಲ್ಕು, ಕೆಲವೊಮ್ಮೆ ಆರು ಪದರಗಳಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಎಲ್ಲವನ್ನೂ ಒಂದಾಗಿ ಹಿಡಿಯುವಂತೆ ಉದ್ದಕ್ಕೂ ಸರಳ ಹೊಲಿಗೆ ಹಾಕಿದರೆ ಅದು ಕೌದಿ. ಬಂಗಾಳದ ಕಾಂಥಾ, ಬಿಹಾರದ ಸುಜನಿ, ಸಿಂಧ್ ಮತ್ತು ರಾಜಸ್ಥಾನದ ರಲ್ಲಿ ಇವೆಲ್ಲ ಇದರ ಬಳಗವೇ. ಬೊಂತೆ ಎಂಬ ಹಳೆಯ ಮಾತೂ ಇದನ್ನೇ ಹೇಳುತ್ತದೆ. ಎಲ್ಲವನ್ನೂ ತೊರೆದು ಕಲ್ಯಾಣದ ಕಡೆಗೆ ಹೊರಟ 12ನೇ ಶತಮಾನದ ಶರಣೆಯೊಬ್ಬಳಿಗೆ ಶಿವನೇ ಬೊಂತೆಯೊಂದನ್ನು ಹೊದಿಸಿದನೆಂದೂ ಅದರಿಂದಲೇ ಆಕೆ ಬೊಂತಾದೇವಿಯಾದಳೆಂದೂ ಕಥೆಯಿದೆ. ಪೀತಾಂಬರ ಕೊಡಬಲ್ಲವನು ತೇಪೆಯ ಹೊದಿಕೆಯನ್ನು ಆರಿಸಿದ್ದನ್ನು ಹೇಳಿದಾಗ ನಮ್ಮ ಅತ್ತಿಗೆಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಚಳಿಗೆ ಪೀತಾಂಬರ ಆಗುವುದಿಲ್ಲ ಎಂದರು.

ನಾನು ಚಿಕ್ಕವನಿದ್ದಾಗ ಬೇಸಿಗೆಯಲ್ಲಿ ಕೌದಿ ಹೊಲಿಯುವ ಹೆಂಗಸರು ಮನೆಗೆ ಬರುತ್ತಿದ್ದರು. ಅಂಗಳದಲ್ಲಿ ಬೇವಿನ ಮರದ ನೆರಳಿಗೆ ಅರಿವೆ ಹಾಸಿಕೊಂಡು ಇಬ್ಬರು ಎರಡು ತುದಿಯಿಂದ ಹೊಲಿಯುತ್ತಿದ್ದರು; ಕೂಲಿಯ ಜೊತೆಗೆ ಜೋಳ, ರೊಟ್ಟಿ, ಒಂದಿಷ್ಟು ಹಳೆಯ ಬಟ್ಟೆ ಕೊಡುವುದು ವಾಡಿಕೆ. ಕೂಸು ಹುಟ್ಟುವ ಮನೆಯಲ್ಲಾದರೆ ಚಿಕ್ಕ ಕೌದಿ ಮತ್ತು ಕುಂಚಿಗೆಗಳನ್ನು ಮನೆಯ ಹೆಂಗಸರೇ ಹೊಲಿಯುತ್ತಿದ್ದರು. ಮಗಳು ಬಸುರಿಯಾಗಿದ್ದಾಳೆ ಎಂಬ ಸುದ್ದಿ ಬೆಂಗಳೂರಿನಿಂದ ಬಂದಿದ್ದ ಸಮಯವದು. ಆದ್ದರಿಂದ ಮೊದಲು ಕೂಸಿನ ಕೌದಿಯನ್ನೇ ಕೈಗೆತ್ತಿಕೊಂಡೆ.

ಅಳತೆಯನ್ನು 36 ಇಂಚು ಉದ್ದ, 30 ಇಂಚು ಅಗಲ ಎಂದು ನಿಗದಿ ಮಾಡಿದೆ. ವೃತ್ತಿಯ ಚಟ ಬಿಡಲಿಲ್ಲ. ಸೂಜಿ ಮುಟ್ಟುವ ಮೊದಲೇ ಕಾಗದದ ಮೇಲೆ ಲೆಕ್ಕ ಹಾಕಿದೆ. ಸಾಲಿನಿಂದ ಸಾಲಿಗೆ ಅರ್ಧ ಇಂಚು ಅಂತರವಿಟ್ಟರೆ ಒಟ್ಟು 2,160 ಇಂಚು, ಅಂದರೆ ಸುಮಾರು 55 ಮೀಟರ್ ಹೊಲಿಗೆ ಬೀಳುತ್ತದೆ. ಇಂಚಿಗೆ ನಾಲ್ಕು ಹೊಲಿಗೆ ಹಿಡಿದರೆ 8,640 ಹೊಲಿಗೆಗಳು. ಈ ಸಂಖ್ಯೆಯನ್ನು ಅತ್ತಿಗೆಗೆ ಓದಿ ಹೇಳಿದೆ. ಅವರು ಎಷ್ಟೋ ಕೌದಿ ಹೊಲಿದಿದ್ದವರು, ಒಂದನ್ನೂ ಎಣಿಸಿದವರಲ್ಲ. ಎಣಿಸಿದರೆ ಯಾರೂ ಹೊಲಿಯುತ್ತಿರಲಿಲ್ಲ ಎಂದಷ್ಟೇ ಹೇಳಿದರು.

ಟ್ರಂಕಿನಲ್ಲಿದ್ದ ಅರಿವೆಗಳು ಮಾಸಲಾಗಿ ಕಂಡದ್ದರಿಂದ, ಕೂಸಿನ ಕೌದಿ ಚೆಂದವಾಗಿರಲಿ ಎಂದು ಪೇಟೆಗೆ ಹೋಗಿ ಒಂದು ಮೀಟರ್ ಅಚ್ಚ ಕೆಂಪು ಹತ್ತಿ ಬಟ್ಟೆ ತಂದೆ. ಒಳಪದರಕ್ಕೆ ಅಣ್ಣನ ಧೋತರ, ಮೇಲೆ ಚದುರಂಗದ ಮನೆಗಳಂತೆ ಒಂದು ಚೌಕ ಹೊಸ ಕೆಂಪು, ಪಕ್ಕದಲ್ಲಿ ಒಂದು ಚೌಕ ಹಳೆಯ ಸೀರೆ, ಹೀಗೆ. ಅತ್ತಿಗೆ ಕೈಯಿಂದ ಸವರಿ ನೋಡಿ ಬೇಡವೆಂದರು. ಅವರ ಕಣ್ಣಿಗೆ ಬಣ್ಣ ಸರಿಯಾಗಿ ಕಾಣುತ್ತಿಲ್ಲವೆಂದು ನಾನು ತಿಳಿದೆ. ಎರಡು ತಿಂಗಳು ಕೂತು ಹೊಲಿದೆ. ಮುಗಿದ ದಿನ ಅದು ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು. ಓಣಿಯವರನ್ನು ಕರೆದು ತೋರಿಸಿದೆ.

ಮರುದಿನ ಒಗೆದು ಕಂಬಿಯ ಮೇಲೆ ಹಾಕಿದೆವು. ಸಂಜೆಗೆ ನೋಡಿದರೆ ಕೆಂಪು ಬಣ್ಣ ಪಕ್ಕದ ಚೌಕಗಳಿಗೆಲ್ಲ ಇಳಿದು ಕುಂಕುಮ ಚೆಲ್ಲಿದ ಹಾಗಾಗಿತ್ತು. ಅದನ್ನಾದರೂ ಸಹಿಸಬಹುದಿತ್ತು. ಹೊಸ ಚೌಕಗಳೆಲ್ಲ ಜಗ್ಗಿ ಹಪ್ಪಳದಂತೆ ಸೊಟ್ಟಗಾಗಿದ್ದವು. ಹಳೆಯ ಸೀರೆಯ ಚೌಕಗಳು, ಹೊಸದರೊಡನೆ ಕೂಡಿದ ಸಾಲಿನ ಗುಂಟ, ಸೂಜಿಯ ತೂತಿನಿಂದ ಸೂಜಿಯ ತೂತಿಗೆ ಅಂಚೆಚೀಟಿಯ ಹಾಗೆ ಹರಿದಿದ್ದವು. ದಾರ ಮಾತ್ರ ಎಲ್ಲಿಯೂ ಕಡಿದಿರಲಿಲ್ಲ. ಅಂದರೆ ತಪ್ಪು ಹೊಲಿಗೆಯದಲ್ಲ.

"ಹೊಸಾ ಅರಿವಿ ಹಳೇ ಅರಿವಿ ಕೂಡ ಸಂಸಾರ ಮಾಡೂದಿಲ್ಲೋ" ಎಂದರು ಅತ್ತಿಗೆ. ಬೈಯಲಿಲ್ಲ. ಮೊದಲೇ ಹೇಳಿದ್ದೆ ಎಂದೂ ಅನ್ನಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು.

ಹೊಸ ಹತ್ತಿ ಬಟ್ಟೆ ಮೊದಲ ಒಗೆತಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುತ್ತದೆ. ಮಗ್ಗದಲ್ಲಿ ಬಿಗಿಯಾಗಿ ಎಳೆದು ಹಿಡಿದಿದ್ದ ನೂಲು ನೀರು ಕಂಡಾಗ ಸಡಿಲಗೊಂಡು ತನ್ನ ಅಳತೆಗೆ ಮರಳುತ್ತದೆ. 36 ಇಂಚಿನಲ್ಲಿ ನೂರಕ್ಕೆ ನಾಲ್ಕು ಎಂದರೆ ಸುಮಾರು ಒಂದೂವರೆ ಇಂಚು. ನನ್ನ ಕೌದಿಯಲ್ಲಿ ಹೊಸ ಚೌಕಗಳು ತಮ್ಮ ಪಾಲಿನಷ್ಟು ಕುಗ್ಗಿದವು. ನೂರಾರು ಸಲ ನೀರು ಕಂಡು ಕುಗ್ಗುವುದನ್ನೆಲ್ಲ ಎಂದೋ ಮುಗಿಸಿದ್ದ ಹಳೆಯ ಸೀರೆ ಕುಗ್ಗಲಿಲ್ಲ. ಎಳೆದಾಟದಲ್ಲಿ ಸವೆದದ್ದು ಸೋತಿತು. ಲೆಕ್ಕ ಇಷ್ಟು ಸುಲಭವಾಗಿರುವಾಗ, ಗಣಿತದ ಮಾಸ್ತರನಾಗಿ ಹೊಲಿಗೆಗಳನ್ನು ಎಣಿಸುತ್ತ ಕೂತವನಿಗೆ ಇದು ಹೊಳೆಯಲಿಲ್ಲ. ಅಕ್ಷರ ಬಾರದ ಅತ್ತಿಗೆಗೆ ಸವರಿದ ಕೂಡಲೇ ತಿಳಿಯಿತು.

ಬಣ್ಣದ ವಿಷಯದಲ್ಲಿ ಒಂದು ಸಣ್ಣ ಮಾತು. ಹೊಸ ಬಟ್ಟೆಯನ್ನು ಉಪ್ಪಿನ ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಉಳಿದಿದ್ದ ಕೆಂಪು ತುಂಡಿನ ಮೇಲೆ ಪ್ರಯೋಗ ಮಾಡಿದೆ. ಉಪ್ಪು ಹಾಕಿದ ನೀರೂ ಹಾಕದ ನೀರೂ ಒಂದೇ ಸಮ ಕೆಂಪಾದವು. ಬಣ್ಣ ಹಾಕುವ ಹೊತ್ತಿನಲ್ಲಿ ಉಪ್ಪು ಉಪಯೋಗಕ್ಕೆ ಬರುತ್ತದೆಯೇ ಹೊರತು, ಹಿಡಿಯದೆ ಉಳಿದ ಬಣ್ಣವನ್ನು ಆಮೇಲೆ ಹಿಡಿದು ನಿಲ್ಲಿಸುವ ಶಕ್ತಿ ಅದಕ್ಕಿಲ್ಲ. ನೀರು ತಿಳಿಯಾಗುವ ತನಕ ಮತ್ತೆ ಮತ್ತೆ ಒಗೆಯುವುದೊಂದೇ ದಾರಿ.

ಅಂದಿನಿಂದ ಕಲಿಕೆಯ ಕ್ರಮ ಬದಲಾಯಿತು. ಒಂದು ವಾರ ಅತ್ತಿಗೆ ನನಗೆ ಸೂಜಿಯನ್ನೇ ಮುಟ್ಟಗೊಡಲಿಲ್ಲ. ಟ್ರಂಕಿನಿಂದ ಒಂದೊಂದೇ ಅರಿವೆ ತೆಗೆದು, ಕಣ್ಣು ಮುಚ್ಚಿ ಹಿಡಿದು, ಇದರ ವಯಸ್ಸೆಷ್ಟು ಹೇಳು ಎನ್ನುತ್ತಿದ್ದರು. ವಯಸ್ಸು ಎಂದರೆ ಕೊಂಡ ವರ್ಷವಲ್ಲ. ಪೆಟ್ಟಿಗೆಯಲ್ಲಿ 20 ವರ್ಷ ಮಡಿಕೆಯಲ್ಲಿದ್ದ ಸೀರೆ ಇನ್ನೂ ಹೊಸದು, ಮಡಿಕೆಯ ಗೆರೆಯಲ್ಲಿ ಮಾತ್ರ ಮುದುಕಿ. ದಿನವೂ ಉಟ್ಟು, ಕಲ್ಲಿಗೆ ಬಡಿದು ಒಗೆದ ಸೀರೆ ಐದು ವರ್ಷದಲ್ಲಿ ಕೌದಿಗೆ ಹಣ್ಣಾಗುತ್ತದೆ. ಒಂದೇ ಸೀರೆಯೊಳಗೂ ವಯಸ್ಸು ಬೇರೆ ಬೇರೆ: ನಿರಿಗೆ ಸಿಕ್ಕಿಸುವ ಜಾಗ, ಕೂತು ಏಳುವ ಹಿಂಬದಿ, ಒಲೆಯ ಮುಂದೆ ಬಿಸಿ ಪಾತ್ರೆ ಹಿಡಿದ ಸೆರಗಿನ ತುದಿ ಮೊದಲು ಸವೆಯುತ್ತವೆ, ಒಳಸುತ್ತಿನ ಭಾಗ ಬಹಳ ಕಾಲ ಗಟ್ಟಿಯಾಗಿ ಉಳಿಯುತ್ತದೆ. ದಡಿ ಎಲ್ಲಕ್ಕಿಂತ ಕೊನೆಗೆ ಸೋಲುತ್ತದೆ. ಆದ್ದರಿಂದಲೇ ಹಳೆಯ ಕೌದಿಗಳಲ್ಲಿ ಸೀರೆಯ ದಡಿಯನ್ನು ಕತ್ತರಿಸಿ ಸುತ್ತಲೂ ಚೌಕಟ್ಟಿನಂತೆ ಹಚ್ಚಿರುತ್ತಾರೆ. ಹೊದೆಯುವಾಗ ಜಗ್ಗುವ ಕೈ ಬೀಳುವುದು ಅಂಚಿನ ಮೇಲೆಯೇ ಅಲ್ಲವೇ.

ಇಳಕಲ್ ಸೀರೆಯಲ್ಲಿ ಇನ್ನೊಂದು ತೊಡಕಿದೆ. ಹತ್ತಿಯ ಒಡಲಿಗೆ ರೇಷ್ಮೆಯ ಅಥವಾ ಕೃತಕ ರೇಷ್ಮೆಯ ಸೆರಗನ್ನು ನೇಯುವಾಗ, ಒಡಲಿನ ಹಾಸು ನೂಲಿಗೆ ಸೆರಗಿನ ಹಾಸು ನೂಲನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಒಡಲು ಮತ್ತು ಸೆರಗು ಎರಡೂ ಒಂದೇ ಸೀರೆಯಾದರೂ ಅವು ಒಂದೇ ರೀತಿ ಸವೆಯುವುದಿಲ್ಲ. ಒಡಲು ಮೆತ್ತಗಾಗಿ ಬಟ್ಟೆಯ ಗುಣ ಬಿಟ್ಟುಕೊಡುವ ಹೊತ್ತಿಗೆ ಕೆಂಪು ಸೆರಗು ನುಣುಪಾಗಿಯೇ ಇರುತ್ತದೆ. ಕೊಂಡಿಯ ಸಾಲಿನ ಆಚೆ ಈಚೆ ಬೆರಳಾಡಿಸಿ ಎರಡರ ವಯಸ್ಸನ್ನೂ ಹೇಳಲು ನನಗೆ ಸಾಧ್ಯವಾದ ದಿನ ಅತ್ತಿಗೆ ಸೂಜಿಯನ್ನು ಮರಳಿ ಕೊಟ್ಟರು.

ಇದೆಲ್ಲದರ ಪ್ರಯೋಜನವೇನೆಂದರೆ, ಒಂದು ಪದರದ ತುಂಡುಗಳೆಲ್ಲ ಹೆಚ್ಚುಕಡಿಮೆ ಒಂದೇ ವಯಸ್ಸಿನವಾಗಿರಬೇಕು. ತೀರ ಹಣ್ಣಾದ ಧೋತರ ನಡುವಿನ ಪದರಕ್ಕೆ, ಮಧ್ಯವಯಸ್ಸಿನ ಸೀರೆ ಮೇಲೆ ಮತ್ತು ಕೆಳಗೆ, ದಡಿ ಸುತ್ತಲೂ. ಸಾಲು ಹೊಲಿಗೆ ಯಾಕೆ ಅಷ್ಟು ಹತ್ತಿರ ಹತ್ತಿರ ಎಂಬುದೂ ಆಗ ತಿಳಿಯಿತು. ಅಲಂಕಾರ ಆಮೇಲಿನ ಮಾತು. ಹಳೆಯ ಅರಿವೆ ಎಲ್ಲಿಯಾದರೂ ಹರಿದೇ ಹರಿಯುತ್ತದೆ; ಹರಿದದ್ದು ಮುಂದಿನ ಹೊಲಿಗೆಯ ಸಾಲಿಗೆ ಬಂದು ನಿಲ್ಲುತ್ತದೆ. ಅರ್ಧ ಇಂಚಿಗೊಂದು ಸಾಲಿದ್ದರೆ ಹರಕು ಅರ್ಧ ಇಂಚಿನದು. ಪದರಗಳ ನಡುವೆ ನಿಂತ ಗಾಳಿ ಬೆಚ್ಚಗಿಡುವ ಕೆಲಸವನ್ನು ಮಾಡುತ್ತದೆ. ಹೊಲಿಗೆಯನ್ನು ತೀರ ಬಿಗಿದರೆ ಗಾಳಿಗೆ ಜಾಗವಿಲ್ಲದೆ ಕೌದಿ ರಟ್ಟಿನಂತಾಗುತ್ತದೆ. ಅತ್ತಿಗೆ ದಿನಕ್ಕೆ ಹತ್ತು ಸಲ ಹೇಳುವ ಮಾತು: "ದಾರಾ ಜಗ್ಗಬ್ಯಾಡೋ, ಹಾಸಿ ಬಿಡು."

ಈ ನಡುವೆ ಹಳಿಯಾಳದ ಕಡೆ ಸ್ನೇಹಿತರೊಬ್ಬರ ಮನೆಗೆ ಹೋದಾಗ ಸಿದ್ದಿ ಸಮುದಾಯದ ಹೆಂಗಸೊಬ್ಬರು ಹೊಲಿದ ಕವಂದಿಯನ್ನು, ಅಂದರೆ ಅವರ ಕೌದಿಯನ್ನು, ಕಂಡೆ. ಆಫ್ರಿಕಾ ಮೂಲದ ಸಿದ್ದಿಗಳು ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ಭಾಗದ ಕಾಡಂಚಿನ ಊರುಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರಾಗಿ ಬದುಕುತ್ತಿರುವವರು. 2004ರಲ್ಲಿ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ನೆರವಿನಿಂದ ಅಲ್ಲಿನ ಹೆಂಗಸರ ಸಹಕಾರಿ ಗುಂಪೊಂದು ರೂಪುಗೊಂಡ ಮೇಲೆ ಅವರ ಕವಂದಿಗಳು ಹೊರದೇಶಗಳಲ್ಲಿಯೂ ಹೆಸರಾದವು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರು ಹೊಲಿಯುವ ದಾರಿ. ನಾವು ಮೇಲಿನ ಪದರವನ್ನು ಮೊದಲು ಜೋಡಿಸಿಕೊಂಡು ಆಮೇಲೆ ಉದ್ದ ಸಾಲು ಹಾಕುತ್ತೇವೆ. ಅವರು ಕೆಳಗೆ ಒಂದು ಸೀರೆ ಹಾಸಿ, ಒಂದು ಮೂಲೆಯಿಂದ ಶುರುಮಾಡಿ, ತುಂಡಿನ ಅಂಚು ಮಡಿಚುತ್ತ, ಅದನ್ನು ಅಲ್ಲಿಯೇ ಹೊಲಿಯುತ್ತ, ಸುತ್ತು ಸುತ್ತಾಗಿ ಒಳಗೆ ಸಾಗುತ್ತಾರೆ. ಜೋಡಿಸುವುದು, ಹೊಲಿಯುವುದು ಎರಡೂ ಒಂದೇ ಕೆಲಸ. ನಾಲ್ಕು ಮೂಲೆಗಳಲ್ಲಿ ಮಡಿಚಿದ ಮುಕ್ಕೋನದ ಅರಿವೆಯ ಹೂವುಗಳಿರುತ್ತವೆ. ಅವನ್ನು ಫುಲ ಎನ್ನುತ್ತಾರೆ. ಅವಿಲ್ಲದಿದ್ದರೆ ಕವಂದಿ ಬತ್ತಲೆಯಿದ್ದಂತೆ ಎಂದು ಅವರ ಲೆಕ್ಕ.

ಇದನ್ನು ಕೇಳಿ ಅತ್ತಿಗೆಗೆ ಖುಷಿಯಾಯಿತು. ಸುತ್ತು ಹೊಲಿಗೆ ನಮ್ಮಲ್ಲಿಯೂ ಇತ್ತು, ಕೂಲಿಗೆ ಹೊಲಿಯುವವರು ಬೇಗ ಮುಗಿಯಲೆಂದು ಉದ್ದ ಸಾಲು ಹಾಕುತ್ತಿದ್ದರು ಎಂದರು. ಎರಡನೆಯ ಕೂಸಿನ ಕೌದಿಯನ್ನು ನಾನು ಸುತ್ತು ಸುತ್ತಾಗಿಯೇ ಹೊಲಿದೆ. ಉದ್ದ ಸಾಲಿನಲ್ಲಿ ಪ್ರತಿ ತುದಿಗೂ ಬಟ್ಟೆಯನ್ನು ತಿರುಗಿಸಬೇಕು ಇಲ್ಲವೇ ಗಂಟು ಹಾಕಬೇಕು. ಸುತ್ತಿನಲ್ಲಿ ಆ ತೊಂದರೆಯಿಲ್ಲ, ದಾರ ಮುಗಿದಾಗಷ್ಟೇ ಗಂಟು. ಆದರೆ ಪದರಗಳಲ್ಲಿ ಎಲ್ಲಿಯಾದರೂ ಸಡಿಲವಿದ್ದರೆ ಅದೆಲ್ಲ ಸುತ್ತು ಸುತ್ತಿಗೂ ಒಳಗೆ ಸರಿಯುತ್ತ ಬಂದು ನಟ್ಟನಡುವೆ ಗುಡ್ಡೆಯಾಗಿ ನಿಲ್ಲುತ್ತದೆ. ಅದನ್ನು ತಪ್ಪಿಸಲು ಮೊದಲು ಅಂಗೈಗೊಂದರಂತೆ ಕಚ್ಚಾ ಹೊಲಿಗೆ ಹಾಕಿಕೊಳ್ಳಬೇಕು. ಟಾಚಣಿ, ಅಂದರೆ ಗುಂಡುಸೂಜಿ, ಹಚ್ಚಿದರೆ ಸಾಲದೇ ಎಂದು ಕೇಳಿ ಬೈಸಿಕೊಂಡೆ. ಕೂಸಿನ ಕೌದಿಯಲ್ಲಿ ಒಂದು ಟಾಚಣಿ ಮರೆತು ಉಳಿದರೆ ಏನು ಗತಿ ಎಂಬುದು ನನ್ನ ತಲೆಗೆ ಬಂದಿರಲಿಲ್ಲ.

ಸಾಮಾನುಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ದಬ್ಬಣ ಬೇಡ, ಅದು ಚೀಲಕ್ಕೆ. ತುಸು ಉದ್ದನೆಯ ಸಾಮಾನ್ಯ ಸೂಜಿ ಸಾಕು. ಹತ್ತಿಯ ನೂಲು, ಎರಡು ಮೊಳಕ್ಕಿಂತ ಉದ್ದ ಬೇಡ, ಉದ್ದವಾದಷ್ಟೂ ಸಿಕ್ಕು. ಚೂರು ಜೇನುಮೇಣದ ಮೇಲೆ ನೂಲನ್ನು ಎಳೆದುಕೊಂಡರೆ ಸಲೀಸಾಗಿ ಓಡುತ್ತದೆ. ಅರಿವೆಯನ್ನು ಆದಷ್ಟು ಕತ್ತರಿಸದೆ, ಸಣ್ಣ ಗಾಯ ಮಾಡಿ ಕೈಯಿಂದ ಹರಿಯಬೇಕು. ಹತ್ತಿ ನೂಲಿನ ಗುಂಟ ನೆಟ್ಟಗೆ ಹರಿಯುತ್ತದೆ, ಯಾವ ಅಳತೆಪಟ್ಟಿಯೂ ಅಷ್ಟು ನೆಟ್ಟಗೆ ತೋರಿಸಲಾರದು. ಹರಿಯುವಾಗ ಬರುವ ಸದ್ದಿನಿಂದಲೂ ವಯಸ್ಸು ತಿಳಿಯುತ್ತದೆ: ಗಟ್ಟಿ ಅರಿವೆ ಪರ್ರೆಂದು ಕೂಗುತ್ತದೆ, ಹಣ್ಣಾದದ್ದು ಸದ್ದಿಲ್ಲದೆ ಬಿಟ್ಟುಕೊಡುತ್ತದೆ. ಸದ್ದೇ ಮಾಡದ್ದನ್ನು ಅತ್ತಿಗೆ ನೆಲ ಒರೆಸಲು ಎತ್ತಿಡುತ್ತಾರೆ.

ಈಗ ಪೇಟೆಯಲ್ಲಿ ಹೊಸ ಬಟ್ಟೆಯಿಂದಲೇ ಕೌದಿ ಹೊಲಿದು ಮಾರುತ್ತಾರೆ, ಹವ್ಯಾಸಕ್ಕೆಂದು ಕಲಿಯುವವರೂ ಅಂಗಡಿಯಿಂದ ಒಂದೇ ಅಳತೆಯ ಹೊಸ ಚೌಕಗಳನ್ನು ತರುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಎಲ್ಲವನ್ನೂ ಮೊದಲು ಎರಡು ಸಲ ಒಗೆದುಕೊಂಡು, ಎಲ್ಲವೂ ಹೊಸದೇ ಆಗಿದ್ದರೆ ಕೌದಿ ಗಟ್ಟಿಯಾಗಿಯೇ ಬರುತ್ತದೆ. ಆದರೂ ನನಗನಿಸುವಂತೆ ಅಲ್ಲಿ ಕಲಿಯುವುದು ಜೋಡಿಸುವುದನ್ನು ಮಾತ್ರ. ಇನ್ನು ಮನೆಗಳಲ್ಲಿ ಹಳೆಯದೆಂದು ಉಳಿಯುವುದು ಬಹುಪಾಲು ಪಾಲಿಯೆಸ್ಟರ್ ಸೀರೆ. ಅದು ಬೆವರು ಹೀರುವುದಿಲ್ಲ, ಹಣ್ಣೂ ಆಗುವುದಿಲ್ಲ. ಹೆಂಡತಿಯ ಅಂಥ ಹತ್ತು ಸೀರೆಗಳನ್ನು ಅತ್ತಿಗೆಯ ಮುಂದೆ ಇಟ್ಟಾಗ, ಒಂದೊಂದನ್ನೇ ಸವರಿ, ಇವಕ್ಕೆ ವಯಸ್ಸೇ ಇಲ್ಲವಲ್ಲ ಎಂದು ಬದಿಗೆ ಸರಿಸಿದರು.

ಎರಡನೆಯ ಕೌದಿ ಬೆಂಗಳೂರಿಗೆ ಹೋಯಿತು. ನಟ್ಟನಡುವೆ ನಿಂಬೆಕಾಯಿಯಷ್ಟು ಗುಡ್ಡೆ ಉಳಿದೇಬಿಟ್ಟಿದೆ. ಮೊಮ್ಮಗಳು ಮಲಗುವಾಗ ಅದನ್ನೇ ಹುಡುಕಿ ಹಿಡಿದುಕೊಳ್ಳುತ್ತಾಳೆಂದು ಮಗಳು ಹೇಳುತ್ತಾಳೆ. ನನ್ನ ಮನಸ್ಸು ನೋಯದಿರಲೆಂದು ಹೇಳುತ್ತಿರಬಹುದು. ವಾರಕ್ಕೊಮ್ಮೆ ವಾಷಿಂಗ್ ಮಷೀನಿಗೆ ಹಾಕುತ್ತಾಳೆ. ನಮ್ಮ ಊರಿನಲ್ಲಿ ದಸರೆಯ ಮುಂಚೆ ಮನೆಯ ಕೌದಿಗಳನ್ನೆಲ್ಲ ಚಕ್ಕಡಿಗೆ ಹೇರಿಕೊಂಡು ಹೊಳೆಗೆ ಹೋಗಿ, ನೆನೆದು ಭಾರವಾದವನ್ನು ಇಬ್ಬರು ಎರಡು ತುದಿ ಹಿಡಿದು ಹಿಂಡುತ್ತಿದ್ದುದನ್ನು ನೋಡಿದ ನನಗೆ ಇದನ್ನು ಕೇಳಿದಾಗ ಜೀವ ಹಾರಿತು. ಒಂದು ವರ್ಷವಾಯಿತು, ಈ ತನಕ ಒಂದು ಸಾಲೂ ಬಿಟ್ಟಿಲ್ಲ.

ಈಗ ಹೊಲಿಯುತ್ತಿರುವುದು ದೊಡ್ಡ ಕೌದಿ, 6 ಅಡಿಗೆ 4 ಅಡಿ. 175 ಮೀಟರ್ ಹೊಲಿಗೆ, ಸೂಜಿ ಏರಿಳಿಯುವುದು 27,648 ಸಲ. ಒಟ್ಟು 48 ಸುತ್ತುಗಳಲ್ಲಿ 17 ಮುಗಿದಿವೆ. ಕೇಳಿದವರು ಇನ್ನೂ ಮೂರರಲ್ಲಿ ಎರಡು ಪಾಲು ಬಾಕಿ ಎಂದುಕೊಳ್ಳುತ್ತಾರೆ. ಹೊರಗಿನ ಸುತ್ತುಗಳೇ ಉದ್ದವಾದ್ದರಿಂದ, ಒಳಗೆ ಉಳಿದಿರುವುದು 55 ಇಂಚಿಗೆ 31 ಇಂಚು ಮಾತ್ರ, ಅಂದರೆ ಅರ್ಧಕ್ಕಿಂತ ತುಸು ಕಡಿಮೆ. ಈ ಲೆಕ್ಕವನ್ನು ಮೊನ್ನೆ ಸಂಜೆ ಹೆಮ್ಮೆಯಿಂದ ಅತ್ತಿಗೆಯ ಮುಂದೆ ಇಟ್ಟೆ. ಅವರು ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡು, ಹೊರಗಿನಿಂದ ಒಳಗಿನವರೆಗೆ ಅಂಗೈ ಸವರುತ್ತ ಬಂದು ಒಂದು ಕಡೆ ನಿಂತರು.

"ಇಲ್ಲಿ ಎರಡು ಸುತ್ತು ಬಿಗಿ ಆಗ್ಯಾವು. ಸಿಟ್ಟಿನ್ಯಾಗ ಹೊಲದೀ ಏನು?"

ಸಿಟ್ಟಿನಲ್ಲಿಯೇ ಹೊಲಿದಿದ್ದೆ, ಆ ದಿನ ಪಿಂಚಣಿಯ ಕಾಗದವೊಂದಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದು ಬಂದಿದ್ದೆ. ಎರಡೂ ಸುತ್ತನ್ನು ಬಿಚ್ಚಲು ಹೇಳಿದ್ದಾರೆ. ಇದುವರೆಗೆ ಒಂದನ್ನು ಬಿಚ್ಚಿದ್ದೇನೆ.